ಹನ್ನೆರಡು ಕೆಂಪು ಪುಸ್ತಕಗಳು

ಕಾನೂನಿನ ಪುಸ್ತಕಗಳನ್ನೇ ಇಪ್ಪತ್ತಾರು ವರ್ಷ ಹೊಲಿದವನಿಗೆ ಕಾನೂನು ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಬೀದಿಯವರು ನಂಬಿರಲಿಲ್ಲ. ಸ್ವತಃ ಬೈಂಡರನೂ ನಂಬಿರಲಿಲ್ಲ, ಆ ನೋಟೀಸು ಬರುವ ತನಕ.

ಊರಿನ ವಕೀಲರ ಹರಕು ಪುಸ್ತಕಗಳೆಲ್ಲ ರಿಪೇರಿಗೆ ಬರುತ್ತಿದ್ದುದು ಅವನ ಬಾಡಿಗೆ ಮನೆಯ ಮುಂದಿನ ಕೋಣೆಗೆ. ಬೈಂಡರನಾದವನು ಪುಸ್ತಕ ಓದುವುದಿಲ್ಲ. ಪುಟ ಹಿಂದುಮುಂದಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪ್ರತಿ ಪುಟದ ಮೊದಲ ಸಾಲು, ಕೊನೆಯ ಸಾಲು ನೋಡುತ್ತಾನೆ, ಅಷ್ಟೇ. ಹೀಗಾಗಿ ಅವನಿಗೆ ಕಾನೂನಿನ ತಲೆ ಗೊತ್ತಿತ್ತು, ಬಾಲ ಗೊತ್ತಿತ್ತು, ಹೊಟ್ಟೆಯಲ್ಲೇನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಬೀದಿಯ ಮಟ್ಟಕ್ಕೆ ಅಷ್ಟು ಸಾಕಾಗಿತ್ತು. ನಲ್ಲಿಯ ಹತ್ತಿರ ಜಗಳವಾದರೆ ಅವನು ಹೋಗಿ ನಿಂತು, "ಕಾನೂನಿನ ಪ್ರಕಾರ, ಮೇಲೆ ಹೇಳಿದ ಷರತ್ತಿಗೆ ಒಳಪಟ್ಟು..." ಎಂದು ಹೇಳಿ ಸುಮ್ಮನಾಗುತ್ತಿದ್ದ. ಉಳಿದದ್ದು ಪುಟದ ನಡುಭಾಗದಲ್ಲಿತ್ತು, ಅಲ್ಲಿಗೆ ಅವನು ಹೋದವನಲ್ಲ. ಕೇಳಿದವರು ಮಾತ್ರ ಹೆದರಿ ರಾಜಿಯಾಗುತ್ತಿದ್ದರು. ಬೀದಿ ಅವನಿಗೆ 'ಲಾ ಪಾಯಿಂಟ್' ಎಂದು ಅಡ್ಡಹೆಸರು ಇಟ್ಟಿತ್ತು. ಅವನು ಅದನ್ನು ಬಿರುದೆಂದು ತಿಳಿದಿದ್ದ.

ನೋಟೀಸು ಬಂದದ್ದು ಬೆಳಗ್ಗೆ ಹತ್ತು ಗಂಟೆಗೆ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಕಳಿಸಿದವನು ಎದುರು ಮನೆಯಲ್ಲೇ ಇರುವ ಮಾಲೀಕ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮನ್ ಲಕೋಟೆಯನ್ನು ದೂರದಿಂದ ನೋಡಿಯೇ ತಲೆಯಾಡಿಸಿದರು.

"ಇಪ್ಪತ್ತು ಹೆಜ್ಜೆ ದೂರಕ್ಕೆ ರಿಜಿಸ್ಟರ್ಡ್ ಪೋಸ್ಟು. ಮೂವತ್ತೈದು ವರ್ಷ ಕಾಗದ ಹಂಚಿದೀನಪ್ಪ. ಇದರೊಳಗೆ ಒಳ್ಳೆ ಸುದ್ದಿ ಇರಲ್ಲ."

ಇರಲಿಲ್ಲ. ಕಟ್ಟಡ ಶಿಥಿಲವಾಗಿದೆ, ಯಾವ ಗಳಿಗೆಯಲ್ಲಾದರೂ ಬೀಳಬಹುದು ಎಂದು ಎಂಜಿನಿಯರು ಸರ್ಟಿಫಿಕೇಟು ಕೊಟ್ಟಿದ್ದಾರೆ, ಆದ್ದರಿಂದ ಹದಿನೈದು ದಿನದೊಳಗೆ ಮನೆ ಖಾಲಿ ಮಾಡತಕ್ಕದ್ದು ಎಂದು ಬರೆದಿತ್ತು.

ಬೈಂಡರನ ಹೆಂಡತಿ ಅದನ್ನು ಎರಡು ಸಲ ಓದಿದಳು. ಅವಳು ಗಂಡನ ಜೊತೆ ಕೂತು ಪುಸ್ತಕ ಹೊಲಿಯುವವಳು. ಹೊಲಿಯುವಾಗ ಪುಟದ ನಡುಭಾಗವನ್ನೂ ಓದುವ ಕೆಟ್ಟ ಅಭ್ಯಾಸ ಅವಳಿಗಿತ್ತು.

"ಹೋದ ವಾರ ಆ ಜಿಮ್ಮಿನವನು ಬಂದು ನಮ್ಮ ಮುಂದಿನ ಕೋಣೆ ಅಳತೆ ಮಾಡ್ಕೊಂಡು ಹೋದ್ನಲ್ಲ. ಕಬ್ಬಿಣದ ಗುಂಡು ಇಟ್ರೆ ನೆಲ ತಡಿಯುತ್ತಾ ಅಂತ ಕೇಳಿದ. ಮಾಲೀಕರು ಏನಂದ್ರು ಗೊತ್ತಾ? ಆನೆ ಕಟ್ಟಿದ್ರೂ ತಡಿಯುತ್ತೆ ಅಂದ್ರು. ನಾನು ಕಿವಿಯಾರೆ ಕೇಳಿದೀನಿ ರೀ. ಒಂದೇ ವಾರಕ್ಕೆ ಮನೆ ಬೀಳೋ ಹಾಗಾಯ್ತಾ?"

"ಕಾನೂನಿನ ಪ್ರಕಾರ," ಎಂದ ಬೈಂಡರ್.

"ಹೇಳಿ."

ಅವನು ಮುಂದಿನ ಕೋಣೆಯತ್ತ ತಿರುಗಿ ನೋಡಿದ. ಆ ಕೋಣೆಯಲ್ಲಿ ನಾಲ್ಕು ಜನ ಹೊತ್ತು ತಂದು ನೆಲಕ್ಕೆ ಬಿಗಿದ ಕಬ್ಬಿಣದ ಪ್ರೆಸ್ಸು ಇತ್ತು. ಬೆಳಕು ಬೀಳುವ ದೊಡ್ಡ ಕಿಟಕಿ ಇತ್ತು. ಗಿರಾಕಿಗಳಿಗೆ ಗೊತ್ತಿರುವ ಬಾಗಿಲು ಇತ್ತು. ಇವು ಮೂರೂ ಹೋದರೆ ಅವನ ಕಸುಬೂ ಹೋದಂತೆಯೇ. ಅವನಿಗೆ ನಿಜವಾಗಿ ಭಯವಾಯಿತು.

ಒಳಗಿಂದ ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಅವನ ತಾಯಿ ಆಗಲೇ ಗೋಡೆ ಗಡಿಯಾರ ಇಳಿಸಿ ಸೀರೆಯಲ್ಲಿ ಸುತ್ತುತ್ತಿದ್ದರು. "ಮೊದಲು ಗಡಿಯಾರ ಇಡ್ತೀನಿ ಮಗಾ. ಆಮೇಲೆ ಗಡಿಬಿಡೀಲಿ ಒಡೆದು ಹೋಗುತ್ತೆ," ಎಂದರು.

ಬೈಂಡರ್ ಬಾಡಿಗೆ ವ್ಯಾಜ್ಯದ ಕಚೇರಿಗೆ ಹೋಗಿ ತಕರಾರು ಅರ್ಜಿ ಕೊಟ್ಟು ಬಂದ. ವಿಚಾರಣೆಗೆ ಹದಿನಾಲ್ಕನೆಯ ದಿನ ಗೊತ್ತಾಯಿತು. ಗುಮಾಸ್ತ ಮಾತ್ರ ಅರ್ಜಿ ಓದಿ ಅವನ ಮುಖವನ್ನು ಅನುಕಂಪದಿಂದ ನೋಡಿದ. "ಮನೆ ಗಟ್ಟಿಯಾಗಿದೆ ಅಂತ ನೀವು ಬರೆದಿದೀರಿ. ಮನೆ ಬೀಳುತ್ತೆ ಅಂತ ನೀವೇ ಬರೆದ ಒಂಬತ್ತು ಕಾಗದಾನ ಮಾಲೀಕರು ನೋಟೀಸಿನ ನಕಲಿನ ಜೊತೆ ಇಲ್ಲಿ ಕೊಟ್ಟಿದಾರೆ. ಯಾವುದನ್ನ ನಂಬೋದು?"

ಇದು ಸತ್ಯವಾಗಿತ್ತು. ಕಿಟಕಿಯ ಮೇಲೆ ನೀರು ಜಿನುಗಿದಾಗಲೆಲ್ಲ ಬೈಂಡರ್ ಮಾಲೀಕನಿಗೆ ಕಾಗದ ಬರೆಯುತ್ತಿದ್ದ. ಸುಮ್ಮನೆ 'ಸೋರುತ್ತಿದೆ' ಎಂದು ಬರೆದರೆ ಲಾ ಪಾಯಿಂಟಿಗೆ ಅವಮಾನವಲ್ಲವೇ? ಪ್ರತಿ ಕಾಗದದಲ್ಲೂ ಛಾವಣಿ ಕುಸಿಯುತ್ತಿತ್ತು, ಗೋಡೆ ಬಾಯ್ಬಿಡುತ್ತಿತ್ತು, ಕುಟುಂಬ ಅವಶೇಷಗಳಡಿ ಸಿಲುಕುತ್ತಿತ್ತು.

ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ ಹಣೆ ಚಚ್ಚಿಕೊಂಡಳು. ಆಮೇಲೆ ಕೈ ಹಣೆಯ ಮೇಲೆಯೇ ನಿಂತಿತು.

"ರೀ, ಮೂರು ವರ್ಷದ ಹಿಂದೆ ನಗರಸಭೆಗೆ ದೂರು ಕೊಡ್ತೀನಿ ಅಂತ ನೀವು ಹೆದರಿಸಿದ್ರಲ್ಲ, ಆಗ ಮಾಲೀಕರು ಉತ್ತರ ಬರೆದಿದ್ರು. ಮನೆ ಇನ್ನೂ ನೂರು ವರ್ಷ ಅಲ್ಲಾಡಲ್ಲ ಅಂತ. ಅದರ ಜೊತೆ ಎಂಜಿನಿಯರ ಸರ್ಟಿಫಿಕೇಟು ಇತ್ತು. ಅದೇ ಎಂಜಿನಿಯರು, ಅದೇ ದುಂಡನೆ ಸೀಲು. ಆ ಕಾಗದ ಎಲ್ಲಿ?"

ಬೈಂಡರನ ಮುಖದ ಬಣ್ಣ ಇಳಿಯಿತು.

"ಒಳ್ಳೆ ದಪ್ಪ ಕಾಗದ ಕಣೇ ಅದು," ಎಂದ ಮೆಲ್ಲಗೆ.

ಹೆಂಡತಿಗೆ ಅರ್ಥವಾಯಿತು. ಈ ಕಸುಬಿನವರಿಗಷ್ಟೇ ಬರಬಹುದಾದ ಬುದ್ಧಿ ಅದು. ಪುಸ್ತಕದ ರಟ್ಟಿನ ಒಳಮೈಗೆ ಮೊದಲು ಒಂದು ಗಟ್ಟಿ ಹಾಳೆ ಅಂಟಿಸಿ, ಅದರ ಮೇಲೆ ಚೆಂದದ ಬಿಳಿ ಕಾಗದ ಹಚ್ಚಿದರೆ ರಟ್ಟು ಬಾಗುವುದಿಲ್ಲ. ಆ ಗಟ್ಟಿ ಹಾಳೆ ಹೇಗೂ ಯಾರಿಗೂ ಕಾಣುವುದಿಲ್ಲ, ಅದಕ್ಕೆ ಹೊಸ ಕಾಗದ ಯಾಕೆ ಹಾಳುಮಾಡಬೇಕೆಂದು ಬೈಂಡರ್ ಮನೆಯಲ್ಲಿ ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಅಲ್ಲಿಗೆ ಸೇರಿಸುತ್ತಿದ್ದ.

"ಯಾವ ಪುಸ್ತಕಕ್ಕೆ ಹಾಕಿದ್ರಿ?"

"ಆಗ ಹೊಲಿದಿದ್ದು ಕೆಂಪು ಬಟ್ಟೆಯ ಹನ್ನೆರಡು ಪುಸ್ತಕ. ವಕೀಲರ ಸಂಘದ ಆರ್ಡರು. ಎಲ್ಲಾ ಒಂದೇ ಪುಸ್ತಕದ ಪ್ರತಿಗಳು." ಕೊನೆಗೆ ಅದರ ಹೆಸರು ಹೇಳಿದ. "ಬಾಡಿಗೆ ಕಾನೂನು."

ಮಾರನೆಯ ದಿನದಿಂದ ಬೈಂಡರ್ ವಕೀಲರ ಮನೆಗಳಿಗೆ ಹೊರಟ. ನನ್ನ ಮನೆ ಉಳಿಸಲು ನಿಮ್ಮ ಪುಸ್ತಕ ಹರಿಯಬೇಕು ಎಂದರೆ ಯಾವ ವಕೀಲ ಒಪ್ಪುತ್ತಾನೆ? ಆ ಕೆಂಪು ಪುಸ್ತಕಗಳ ಅಂಟಿನಲ್ಲಿ ದೋಷವಿತ್ತು, ಹುಳ ಬೀಳಬಹುದು, ಪುಕ್ಕಟೆಯಾಗಿ ಹೊಸ ರಟ್ಟು ಹಾಕಿಕೊಡುತ್ತೇನೆ ಎಂದು ಅವನು ಹೇಳಿದ. ಪುಕ್ಕಟೆ ಎಂಬ ಮಾತಿಗೆ ವಕೀಲರು ಗೇಟಿನ ತನಕ ಬಂದು ಬೀಳ್ಕೊಟ್ಟರು. ಒಬ್ಬರಂತೂ ಅವನ ಭುಜದ ಮೇಲೆ ಕೈಹಾಕಿ, "ಚಿಂತೆ ಮಾಡಬೇಡ, ಹುಳ ಒಂದೂ ಉಳೀಬಾರದು, ಅಷ್ಟೇ," ಎಂದು ದೊಡ್ಡ ದನಿಯಲ್ಲಿ ಹೇಳಿದರು.

ಆ ಹೊತ್ತಿಗೆ ಸರಿಯಾಗಿ ಆ ದಾರಿಯಲ್ಲಿ ಮಾಲೀಕ ಹೋಗುತ್ತಿದ್ದ.

ನಾಲ್ಕು ದಿನದಲ್ಲಿ ಮಾಲೀಕ ತನ್ನ ಬಾಡಿಗೆದಾರನನ್ನು ಆರು ಜನ ವಕೀಲರ ಗೇಟಿನಲ್ಲಿ ಕಂಡ. ಪ್ರತಿ ಸಲವೂ ಬೈಂಡರನ ಕಂಕುಳಲ್ಲಿ ಕೆಂಪು ಪುಸ್ತಕವಿರುತ್ತಿತ್ತು. ಎಂಟನೆಯ ದಿನ ಮಾಲೀಕ ಹೊಲಿಗೆ ಅಂಗಡಿಯ ದರ್ಜಿಯನ್ನು ಕೇಳಿದ. ದರ್ಜಿ ಬೀದಿಯ ಸುದ್ದಿಗಳಿಗೆಲ್ಲ ಕಾಜಾ ಗುಂಡಿ ಹಾಕಿ ಕಳಿಸುವ ಹೆಂಗಸು.

"ಎಷ್ಟು ಜನ ವಕೀಲರನ್ನ ಇಟ್ಟಿದಾನಂತೆ?"

"ಹತ್ತು ಅಂತ ಕೇಳ್ದೆ," ಎಂದಳು ದರ್ಜಿ, ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಎಲ್ಲರೂ ಪುಕ್ಕಟೆ ಅಂತೆ. ನ್ಯಾಯದ ಕೇಸು ನೋಡಿ, ಅದಕ್ಕೆ."

ಬೀದಿ ಎದ್ದು ಕೂತಿತು. ಪೋಸ್ಟ್‌ಮನ್ ತಮ್ಮ ಪಿಂಚಣಿಯ ಫೈಲು ತಂದು ಬೈಂಡರನ ಮುಂದಿಟ್ಟು, "ಹತ್ತರಲ್ಲಿ ಒಬ್ಬರಿಗೆ ಇದನ್ನೂ ತೋರ್ಸಪ್ಪ," ಎಂದರು. ಬೇಕರಿಯವನು ಬನ್ನಿನ ಪೊಟ್ಟಣ ಕೊಟ್ಟು ತನ್ನ ಷಡ್ಡಕನ ಮೇಲೆ ಒಂದು ಕೇಸು ಹಾಕಬಹುದೇ ಎಂದು ವಿಚಾರಿಸಿದ. ಇದೆಲ್ಲ ಎಲ್ಲಿಂದ ಹುಟ್ಟಿತೆಂದು ಬೈಂಡರನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವನು ಮಾಡಬೇಕಾದದ್ದು ಒಂದೇ ಇತ್ತು: ಅಲ್ಲವೆಂದು ಹೇಳುವುದು. ಅದನ್ನು ಅವನು ಮಾಡಲಿಲ್ಲ.

"ಸಂಖ್ಯೆ ಈಗಲೇ ಹೇಳೋ ಹಾಗಿಲ್ಲ," ಎಂದ ಗಂಭೀರವಾಗಿ. "ಕಾನೂನಿನ ಪ್ರಕಾರ."

ತಾಯಿ ಟ್ರಂಕು ತೆರೆದು ಗಡಿಯಾರವನ್ನು ಮತ್ತೆ ಗೋಡೆಗೆ ಹಾಕಿದರು.

ಇತ್ತ ಮುಂದಿನ ಕೋಣೆಯಲ್ಲಿ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಕೆಂಪು ಪುಸ್ತಕಗಳ ಬಿಳಿ ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಎಬ್ಬಿಸುತ್ತಿದ್ದರು. ಮೊದಲನೆಯದರಲ್ಲಿ ತಾಯಿಯ ಕನ್ನಡಕದ ಚೀಟಿ ಸಿಕ್ಕಿತು. ಎರಡು ವರ್ಷ ಅದಕ್ಕಾಗಿ ಮನೆಯೆಲ್ಲ ಜಾಲಾಡಿದ್ದರು. ಎರಡನೆಯದರಲ್ಲಿ ಇಸ್ತ್ರಿ ಪೆಟ್ಟಿಗೆಯ ಗ್ಯಾರಂಟಿ ಕಾರ್ಡು. ನಾಲ್ಕನೆಯದರಲ್ಲಿ ಬೈಂಡರನ ಶಾಲೆಯ ಅಂಕಪಟ್ಟಿ. ಅವನು ಅದನ್ನು ಬೇಗನೆ ಮಡಿಚಲು ನೋಡಿದ. ಅಷ್ಟರಲ್ಲಿ ಹೆಂಡತಿ ಓದಿಬಿಟ್ಟಿದ್ದಳು.

"ಗಣಿತದಲ್ಲಿ ಹನ್ನೊಂದು?"

"ಆಗಿನ ಹನ್ನೊಂದು ಅಂದ್ರೆ ಈಗಿನ ಐವತ್ತು."

ಏಳನೆಯ ಪುಸ್ತಕದಿಂದ ಅವಳ ತಮ್ಮನ ಕಾಗದ ಹೊರಬಂತು. 'ಅಕ್ಕಾ, ಹೊಸ ಮನೆಗೆ ಹೋಗ್ತಾ ಇದೀವಿ, ನೀನು ಬರದಿದ್ದರೆ ನಾನು ಒಳಗೆ ಕಾಲಿಡಲ್ಲ' ಎಂದಿತ್ತು. ತಮ್ಮ ಕರೆಯಲಿಲ್ಲವೆಂದು ಅವಳು ಅವನೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅವಳು ಕಾಗದ ಹಿಡಿದು ಅಳತೊಡಗಿದಳು. ಬೈಂಡರ್ ಅಂಟಿನ ಬಟ್ಟಲನ್ನು ಅತ್ತಿಂದಿತ್ತ ಸರಿಸುತ್ತ ಅಪರಾಧಿಯಂತೆ ಕೂತಿದ್ದ. ಆಮೇಲೆ ಅವಳು ಎದ್ದು ತಮ್ಮನಿಗೆ ಫೋನು ಮಾಡಿ ಒಂದು ಗಂಟೆ ಮಾತಾಡಿದಳು. ಆ ಒಂದು ಗಂಟೆ ಬೈಂಡರ್ ಒಬ್ಬನೇ ಹೊಲಿದ.

ಹತ್ತು ಪುಸ್ತಕ ಮುಗಿದವು. ಮಾಲೀಕನ ಕಾಗದ ಸಿಗಲಿಲ್ಲ.

"ಉಳಿದ ಎರಡು ಯಾರ ಹತ್ರ ಇದೆ?"

"ಒಂದು ನಮ್ಮ ಕೇಸು ಕೇಳೋ ಅಧಿಕಾರಿಗಳ ಮೇಜಿನ ಮೇಲೆ. ಇನ್ನೊಂದು..." ಬೈಂಡರ್ ತಲೆ ಕೆರೆದುಕೊಂಡ. "ಇನ್ನೊಂದು ಮಾಲೀಕರ ವಕೀಲರ ಹತ್ರ. ಹೋಗಿದ್ದೆ. ಗೇಟೇ ತೆಗೀಲಿಲ್ಲ. ಎದುರು ಪಾರ್ಟಿ ಕೈಗೆ ಪುಸ್ತಕ ಕೊಡಲ್ಲ ಅಂದ್ರು."

ಹನ್ನೆರಡನೆಯ ದಿನ ಮಾಲೀಕ ತಾನೇ ಬಾಗಿಲಿಗೆ ಬಂದ. ಮುಖದಲ್ಲಿ ನಗು, ಹಣೆಯಲ್ಲಿ ಬೆವರು.

"ಏನಪ್ಪಾ, ಇಷ್ಟು ವರ್ಷ ಒಂದೇ ಮನೆಯವರ ಹಾಗಿದ್ವಿ. ಹದಿನೈದು ದಿನ ಕಷ್ಟ ಆದ್ರೆ ಒಂದು ತಿಂಗಳು ತಗೋ. ಹತ್ತು ಜನ ವಕೀಲರು ಯಾಕೆ?"

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಮನುಷ್ಯ ಬೈಂಡರನಾಗಿ ಉಳಿಯುತ್ತಿದ್ದ. "ಹತ್ತಲ್ಲ ಯಜಮಾನ್ರೇ, ಇನ್ನಿಬ್ಬರು ಬಾಕಿ ಇದಾರೆ," ಎಂದುಬಿಟ್ಟ ಲಾ ಪಾಯಿಂಟ್.

ಮಾಲೀಕ ಹೆದರಿ ಓಡಿಹೋಗುತ್ತಾನೆಂದು ಅವನ ಎಣಿಕೆ. ಮಾಲೀಕ ಓಡಿದ್ದೇನೋ ನಿಜ, ಆದರೆ ಸೀದಾ ಎಂಜಿನಿಯರ ಮನೆಗೆ. "ಹನ್ನೆರಡು ಜನ ಬರ್ತಾರಂತೆ. ಬರೀ ನಿಮ್ಮ ಸರ್ಟಿಫಿಕೇಟು ಸಾಲಲ್ಲ. ನೀವೇ ಬಂದು ಹೇಳ್ಬೇಕು," ಎಂದು ಅವರನ್ನು ಒಪ್ಪಿಸಿದ. ಸುದ್ದಿ ದರ್ಜಿಯ ಮೂಲಕ ಅರ್ಧ ಗಂಟೆಯಲ್ಲಿ ಬೈಂಡರನ ಮನೆ ತಲುಪಿತು.

ತಾಯಿ ಗಡಿಯಾರ ಇಳಿಸಿದರು.

"ನಿಮ್ಮ ನಾಲಿಗೆಗೂ ಎರಡು ಹೊಲಿಗೆ ಹಾಕ್ಕೊಳ್ಳಿ," ಎಂದಳು ಹೆಂಡತಿ.

ವಿಚಾರಣೆಯ ದಿನ ಕಚೇರಿಯ ಕೋಣೆ ತುಂಬಿತ್ತು. ಹನ್ನೆರಡು ಜನ ವಕೀಲರನ್ನು ನೋಡಲು ಇಡೀ ಬೀದಿಯೇ ಬಂದಿತ್ತು. ಅಕ್ಕನೊಡನೆ ರಾಜಿಯಾದ ತಮ್ಮನೂ ಬಂದಿದ್ದ. ಒಂದು ಬದಿಗೆ ಮಾಲೀಕ, ದೊಡ್ಡ ಗಂಟಲಿನ ಅವನ ವಕೀಲ, ಅಂಗಿಯ ಜೇಬಿನಲ್ಲಿ ನಾಲ್ಕು ಪೆನ್ನು ಸಿಕ್ಕಿಸಿಕೊಂಡ ಎಂಜಿನಿಯರು. ಇನ್ನೊಂದು ಬದಿಗೆ ಬೈಂಡರ್, ಅವನ ಹೆಂಡತಿ, ಅವನ ತಾಯಿ ಮತ್ತು ಟ್ರಂಕು. ಅಲ್ಲಿಂದಲೇ ಹೊಸ ಮನೆಗೆ ಹೋಗುವುದಾದರೆ ಎರಡು ಸಲ ಓಡಾಡುವುದು ಬೇಡವೆಂದು ತಾಯಿ ಅದನ್ನು ತಂದಿದ್ದರು.

ಅಧಿಕಾರಿ ಕನ್ನಡಕದ ಮೇಲಿನಿಂದ ಎರಡೂ ಬದಿ ನೋಡಿದರು. ಮಿತವಾಗಿ ಮಾತಾಡುವ, ನಡುವಯಸ್ಸಿನ ಹೆಂಗಸು.

"ನಿಮ್ಮ ವಕೀಲರೆಲ್ಲಿ?"

"ನಾನೇ ಮೇಡಂ," ಎಂದ ಬೈಂಡರ್.

ಬೀದಿ ನಿಟ್ಟುಸಿರು ಬಿಟ್ಟಿತು. ಪೋಸ್ಟ್‌ಮನ್ ತಮ್ಮ ಪಿಂಚಣಿ ಫೈಲನ್ನು ಕಂಕುಳಿನೊಳಗೆ ಇನ್ನಷ್ಟು ಒತ್ತಿಕೊಂಡರು. ಮಾಲೀಕನ ಬೆನ್ನು ಮಾತ್ರ ನೆಟ್ಟಗಾಯಿತು.

ದೊಡ್ಡ ಗಂಟಲಿನ ವಕೀಲರು ಎದ್ದರು. ಕೈಯಲ್ಲಿ ಕೆಂಪು ಪುಸ್ತಕವಿತ್ತು. ಅದನ್ನು ಬಿಡಿಸಿ, ಶಿಥಿಲ ಕಟ್ಟಡದ ಕಲಮನ್ನು ಕಿಟಕಿ ಗಾಜು ನಡುಗುವಂತೆ ಓದಿದರು. ಆಮೇಲೆ ಬೈಂಡರನ ಕಾಗದಗಳನ್ನು ತೆಗೆದರು.

"'ಮಾನ್ಯರೇ, ತಮ್ಮ ಛಾವಣಿಯು ನಮ್ಮ ಕುಟುಂಬದ ಮೇಲೆ ಕುಸಿಯಲು ಸಕಲ ಸಿದ್ಧತೆಗಳನ್ನೂ ಮಾಡಿಕೊಂಡಿರುತ್ತದೆ.' ಇದು ಅವರದೇ ಕೈಬರಹ ಮೇಡಂ. ಇನ್ನೊಂದು ನೋಡಿ. 'ಗೋಡೆಯ ಬಿರುಕು ಎಷ್ಟು ವಿಶಾಲವಾಗಿದೆಯೆಂದರೆ ನಮ್ಮ ತಾಯಿಯವರು ಅದರಲ್ಲಿ ಬಾಚಣಿಗೆ ಇಡುತ್ತಿದ್ದಾರೆ.'"

"ಈಗ್ಲೂ ಇಡ್ತೀನಿ," ಎಂದರು ತಾಯಿ ಟ್ರಂಕಿನ ಮೇಲೆ ಕೂತಲ್ಲಿಂದಲೇ. "ಅನುಕೂಲ ಆಗಿದೆ."

ಎಂಜಿನಿಯರು ಎದ್ದು, ಕಟ್ಟಡದ ಸ್ಥಿತಿ ಗಂಭೀರ, ತಾವು ಅದನ್ನು ಹಿಂದೆಂದೂ ಪರೀಕ್ಷಿಸಿದವರಲ್ಲ, ಈಗ ನೋಡಿ ಗಾಬರಿಯಾಯಿತು ಎಂದು ಹೇಳಿ ಕೂತರು.

"ನೀವು ಹೇಳಿ," ಎಂದರು ಅಧಿಕಾರಿ ಬೈಂಡರನಿಗೆ.

ಬೈಂಡರ್ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಕಾನೂನಿನ ಪ್ರಕಾರ, ಮೇಲೆ ಹೇಳಿದ ಷರತ್ತಿಗೆ ಒಳಪಟ್ಟು..."

"ಮುಂದೆ?"

ಇಪ್ಪತ್ತಾರು ವರ್ಷದಲ್ಲಿ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಬೈಂಡರ್ ಹೆಂಡತಿಯ ಕಡೆ ನೋಡಿದ, ಟ್ರಂಕಿನ ಕಡೆ ನೋಡಿದ, ಕೊನೆಗೆ ತನ್ನ ಅಂಟು ಮೆತ್ತಿದ ಬೆರಳುಗಳನ್ನು ನೋಡಿಕೊಂಡ.

"ಮುಂದೆ ಗೊತ್ತಿಲ್ಲ ಮೇಡಂ," ಎಂದ. "ನನಗೆ ಕಾನೂನು ಗೊತ್ತಿಲ್ಲ. ನಾನು ಬರೀ ಬೈಂಡರು. ಸೋರೋದು ಕಿಟಕಿ ಮೇಲೆ ಒಂದೇ ಕಡೆ. ಮಿಕ್ಕಿದ್ದೆಲ್ಲ ನಾನು ದೊಡ್ಡದಾಗಿ ಕಾಣಲಿ ಅಂತ ಬರೆದಿದ್ದು. ಮನೆ ಗಟ್ಟಿಯಾಗಿದೆ. ಇದೇ ಎಂಜಿನಿಯರು ಮೂರು ವರ್ಷದ ಹಿಂದೆ ಹಾಗಂತ ಬರೆದುಕೊಟ್ಟಿದಾರೆ. ಆ ಕಾಗದ ಈ ಕೋಣೆಯಲ್ಲೇ ಇದೆ. ಒಂದೋ ನಿಮ್ಮ ಪುಸ್ತಕದ ರಟ್ಟಿನೊಳಗೆ, ಇಲ್ಲ ಅವರ ಪುಸ್ತಕದ ರಟ್ಟಿನೊಳಗೆ."

ಅವನು ಎಲ್ಲವನ್ನೂ ಹೇಳಿದ. ಅಂಟಿನ ಕಥೆ, ಹುಳದ ಸುಳ್ಳು, ಕನ್ನಡಕದ ಚೀಟಿ, ಯಾವುದನ್ನೂ ಬಿಡಲಿಲ್ಲ. ಗುಮಾಸ್ತ ಬರೆದುಕೊಳ್ಳುವುದನ್ನು ನಿಲ್ಲಿಸಿ ಬಾಯಿ ತೆರೆದು ಕೇಳುತ್ತಿದ್ದ. "ಅಂಥ ಕಾಗದ ನಾನು ಬರೆದೇ ಇಲ್ಲ ಮೇಡಂ," ಎಂದ ಮಾಲೀಕ.

ಅಧಿಕಾರಿ ತಮ್ಮ ಕೆಂಪು ಪುಸ್ತಕವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. ಪಕ್ಕಕ್ಕೆ ಕುಡಿಯುವ ನೀರಿನ ಲೋಟವನ್ನೂ ತಳ್ಳಿದರು.

ಬೈಂಡರ್ ಕರ್ಚೀಫು ಅದ್ದಿ ರಟ್ಟಿನ ಒಳಗಿನ ಬಿಳಿ ಕಾಗದ ನೆನೆಸಿದ. ಇಡೀ ಬೀದಿ ಮೇಜಿನ ಸುತ್ತ ಬಗ್ಗಿತು. ಕಾಗದ ಹರಿಯಲಿಲ್ಲ. ಮುಂದಿನ ರಟ್ಟಿನೊಳಗಿಂದ ಹಳೆಯ ಕ್ಯಾಲೆಂಡರಿನ ಹಾಳೆ ಬಂತು. ಹಿಂದಿನ ರಟ್ಟಿನೊಳಗಿಂದ ಅವನ ಹೆಂಡತಿಯ ಕೈಬರಹದ ಚೀಟಿ ಬಂತು. 'ಸೋಪು, ಸೂಜಿ, ದಾರ, ಮರೀಬೇಡಿ.'

ಮಾಲೀಕ ಜೋರಾಗಿ ನಕ್ಕ. ಅವನ ಜೊತೆ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ನಿಧಾನವಾಗಿ ದೊಡ್ಡ ಗಂಟಲಿನ ವಕೀಲರ ಕಡೆ ತಿರುಗಿತು. ವಕೀಲರು ಕೆಂಪು ಪುಸ್ತಕವನ್ನು ಎದೆಗೆ ಅವಚಿಕೊಂಡಿದ್ದರು.

"ಇದು ನನ್ನ ಸ್ವಂತ ಆಸ್ತಿ ಮೇಡಂ," ಎಂದರು. ಗಂಟಲು ಎಂದಿಗಿಂತ ಸಣ್ಣದಾಗಿತ್ತು.

"ನಿಮ್ಮದೇ. ಹೊಸ ರಟ್ಟು ಹಾಕಿಕೊಡ್ತಾರೆ."

"ಪುಕ್ಕಟೆಯಾಗಿ," ಎಂದ ಬೈಂಡರ್.

"ಕೊಡಬೇಡಿ," ಎಂದ ಮಾಲೀಕ, ತನ್ನ ವಕೀಲರ ತೋಳು ಹಿಡಿದು.

ಆ ಒಂದು ಮಾತು ಅವನು ಆಡಬಾರದಿತ್ತು. ಅಧಿಕಾರಿಯ ಕನ್ನಡಕ ಅವನ ಕಡೆ ತಿರುಗಿತು. "ಯಾಕೆ ಕೊಡಬಾರದು? ಅಂಥ ಕಾಗದ ನೀವು ಬರೆದೇ ಇಲ್ಲ ಅಂದ್ರಿ. ಬರೀದೇ ಇದ್ದದ್ದು ಸಿಗೋದು ಹೇಗೆ?" ವಕೀಲರು ತಮ್ಮ ಗಿರಾಕಿಯ ಮುಖ ನೋಡಿದರು. ಆಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟರು.

ಮುಂದಿನ ರಟ್ಟಿನ ಬಿಳಿ ಕಾಗದ ನೆನೆದು ಎದ್ದಾಗ ಮೊದಲು ಕಂಡದ್ದು ದುಂಡನೆಯ ಸೀಲು. ಹಿಂದಿನ ರಟ್ಟಿನೊಳಗೆ ಮಾಲೀಕನ ಕಾಗದವಿತ್ತು. ಅಧಿಕಾರಿ ಎರಡನ್ನೂ ಓದಿದರು, ನಿಧಾನವಾಗಿ, ಗಟ್ಟಿಯಾಗಿ. "'ಸದರಿ ಕಟ್ಟಡವನ್ನು ನಾನು ಖುದ್ದಾಗಿ ಪರೀಕ್ಷಿಸಿದ್ದು, ಇನ್ನೂ ನೂರು ವರ್ಷ ಯಾವ ಅಪಾಯವೂ ಇಲ್ಲವೆಂದು ದೃಢೀಕರಿಸುತ್ತೇನೆ.' ಎಂಜಿನಿಯರೇ, ಇದು ನಿಮ್ಮ ಸಹಿಯಾ?"

ಎಂಜಿನಿಯರು ನಾಲ್ಕು ಪೆನ್ನುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಮಾಲೀಕ ಕರೆತರದಿದ್ದರೆ ಅವರು ಆ ಹೊತ್ತಿಗೆ ಮನೆಯಲ್ಲಿ ಆರಾಮಾಗಿ ಊಟ ಮಾಡುತ್ತಿದ್ದರು.

"ಹೌದು," ಎಂದರು.

ಆದೇಶ ಅಲ್ಲೇ ಆಯಿತು. ನೋಟೀಸು ರದ್ದು. ಮನೆ ಗಟ್ಟಿಯಾಗಿದೆಯೆಂದು ಮಾಲೀಕರ ಎಂಜಿನಿಯರೇ ಹೇಳಿದ್ದಾರೆ, ಕಿಟಕಿ ಸೋರುತ್ತದೆಯೆಂದು ಬಾಡಿಗೆದಾರ ಒಂಬತ್ತು ಸಲ ಹೇಳಿದ್ದಾನೆ, ಆದ್ದರಿಂದ ಬಾಡಿಗೆದಾರ ಅಲ್ಲೇ ಇರತಕ್ಕದ್ದು, ಮಾಲೀಕರು ತಿಂಗಳೊಳಗೆ ಕಿಟಕಿ ರಿಪೇರಿ ಮಾಡಿಸತಕ್ಕದ್ದು. "ಬಿರುಕನ್ನೂ ಮುಚ್ಚಿಸಿ," ಎಂದರು ಅಧಿಕಾರಿ.

"ಅದು ಬೇಡಮ್ಮಾ," ಎಂದರು ತಾಯಿ. "ಬಾಚಣಿಗೆ ಎಲ್ಲಿಡ್ಲಿ?"

ಮೆಟ್ಟಿಲಿಳಿಯುವಾಗ ಟ್ರಂಕನ್ನು ಹೆಂಡತಿಯ ತಮ್ಮ ಹೊತ್ತ. ಪೋಸ್ಟ್‌ಮನ್ ಹಿಂದಿನಿಂದ ಬಂದು ಬೈಂಡರನ ಕೈ ಹಿಡಿದರು. "ಕಾನೂನು ಗೊತ್ತಿಲ್ಲ ಅಂತ ಒಪ್ಪಿಕೊಂಡು ಗೆದ್ದವನನ್ನ ಇವತ್ತೇ ನೋಡಿದ್ದು ಕಣಪ್ಪ," ಎಂದರು. ಆಮೇಲೆ ಫೈಲನ್ನು ಅವನ ಹೆಂಡತಿಯ ಕೈಗೆ ಕೊಟ್ಟರು.

ಸಂಜೆ ಗಡಿಯಾರ ಗೋಡೆಗೆ ಹೋಯಿತು. ಈ ಸಲ ತಾಯಿ ಮೊಳೆಯನ್ನು ಇನ್ನೆರಡು ಪೆಟ್ಟು ಹೊಡೆಸಿದರು. ಗೋಡೆ ಅಲ್ಲಾಡಲಿಲ್ಲ.

ಬೈಂಡರ್ ದೊಡ್ಡ ಗಂಟಲಿನ ವಕೀಲರ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತ. ಹೊಸ ರಟ್ಟು ಕತ್ತರಿಸಿದ, ಕೆಂಪು ಬಟ್ಟೆ ಎಳೆದ, ಅಂಟು ಕಲಸಿದ. ಇನ್ನು ಒಳಗೆ ಹಾಕಲು ಗಟ್ಟಿ ಹಾಳೆಯೊಂದು ಬೇಕಿತ್ತು. ಅಭ್ಯಾಸಬಲದಿಂದ ಕೈ ಕಪಾಟಿನ ಕಡೆ ಹೋಯಿತು. ಅಲ್ಲಿ ಮೇಲುಗಡೆಯೇ ಇದ್ದದ್ದು ಅಧಿಕಾರಿಯ ಆದೇಶ. ಹೆಂಡತಿ ಅದನ್ನು ಅವನ ಕೈಯಿಂದ ಕಿತ್ತು ತನ್ನ ಬಟ್ಟೆಗಳ ಅಡಿಯಲ್ಲಿಟ್ಟು ಕಪಾಟಿಗೆ ಬೀಗ ಹಾಕಿದಳು.

"ಮತ್ತೆ ಇದಕ್ಕೇನು ಹಾಕ್ಲಿ?"

ಅವಳು ಮೇಜಿನ ಮೂಲೆಯಿಂದ ಇನ್ನೊಂದು ಕಾಗದ ಎತ್ತಿಕೊಟ್ಟಳು. ಅದೂ ಒಳ್ಳೆಯ ದಪ್ಪ ಕಾಗದವೇ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂದದ್ದು. ಹದಿನೈದು ದಿನದೊಳಗೆ ಮನೆ ಖಾಲಿ ಮಾಡತಕ್ಕದ್ದು ಎಂಬ ಸಾಲು ಮೇಲೇ ಕಾಣುತ್ತಿತ್ತು. ಬೈಂಡರ್ ಅದಕ್ಕೆ ಅಂಚಿನ ತನಕ ಅಂಟು ಸವರಿ, ರಟ್ಟಿನ ಒಳಮೈಗೆ ಹಚ್ಚಿ, ಗುಳ್ಳೆ ಏಳದಂತೆ ಅಂಗೈಯಿಂದ ನೀವಿ, ಅದರ ಮೇಲೆ ಚೆಂದದ ಬಿಳಿ ಕಾಗದ ಅಂಟಿಸಿದ. ಹೆಂಡತಿ ಪ್ರೆಸ್ಸಿನ ಚಕ್ರ ಹಿಡಿದಳು. ಇಬ್ಬರೂ ಸೇರಿ ಅದನ್ನು ಬಿಗಿಯಾಗಿ ತಿರುಗಿಸಿದರು.